ಸುರಿದರೆ ಸಾಲದು: ರಕ್ತನಾಳ ಬೆಳೆಸುವ ಒಂದು ಪ್ರೋಟೀನಿನ ಬಗ್ಗೆ

ಗೋಣಿಕೊಪ್ಪದಲ್ಲಿ ಮಳೆಗಾಲದ ಒಂದು ಭಾನುವಾರ ಆಡಿದ ಮಾತುಗಳಿವು. ಕರೆಂಟ್ ಇರಲಿಲ್ಲ, ಸ್ಲೈಡ್ ತೋರಿಸಲು ಆಗಲಿಲ್ಲ, ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದು ಹಿಂದಿನ ಸಾಲಿನವರಿಗೆ ಕಾಣಲಿಲ್ಲ. ಬರೆದು ಕೊಡಿ ಅಂತ ಕೆಲವರು ಕೇಳಿದರು. ಅವತ್ತು ಮಳೆ ಸದ್ದಿನಲ್ಲಿ ಕೇಳಿಸದೆ ಹೋದದ್ದನ್ನೂ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ತೋಟದಿಂದ ಸೀದಾ ಬಂದವರು ಸುಮಾರು ಜನ ಇದ್ದೀರಿ. ಕಾಲಲ್ಲಿ ಜಿಗಣೆ ಇದೆಯಾ ಅಂತ ಒಮ್ಮೆ ನೋಡಿಕೊಂಡುಬಿಡಿ. ನಗಬೇಡಿ, ಇವತ್ತಿನ ಮಾತು ಜಿಗಣೆಯಿಂದಲೇ ಶುರು.

ಜಿಗಣೆ ಕಚ್ಚಿದ್ದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಆಮೇಲೆ, ಕಾಲ್ಚೀಲ ಒದ್ದೆಯಾದಾಗ. ಅದು ಹೊಟ್ಟೆ ತುಂಬಿ ಬಿದ್ದುಹೋದ ಮೇಲೂ ರಕ್ತ ಒಸರುತ್ತಲೇ ಇರುತ್ತದೆ, ಯಾಕೆಂದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥಗಳಿವೆ. ನಾವು ಸುಣ್ಣ, ಉಪ್ಪು ಹಾಕಿ ಓಡಿಸುವ ಈ ಪ್ರಾಣಿಯ ದೂರದ ನೆಂಟ, ಯುರೋಪಿನ ನೀರು ಜಿಗಣೆ, ಆಸ್ಪತ್ರೆಗಳಲ್ಲಿ ಕೆಲಸಕ್ಕಿದೆ. ಬೆರಳು ತುಂಡಾದವರಿಗೆ ಅದನ್ನು ಮತ್ತೆ ಹೊಲಿದು ಕೂರಿಸುತ್ತಾರೆ, ಕೇಳಿರುತ್ತೀರಿ. ರಕ್ತ ತರುವ ನಾಳವನ್ನು ಹೊಲಿಯಬಹುದು. ವಾಪಸ್ ಒಯ್ಯುವ ನಾಳಗಳ ಗೋಡೆ ಬಲು ತೆಳು, ಎಷ್ಟೋ ಸಲ ಹೊಲಿಗೆಗೆ ಸಿಗುವುದಿಲ್ಲ. ಆಗ ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಬೆರಳು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಜಿಗಣೆ ಕೂರಿಸಿದರೆ ನಿಂತ ರಕ್ತ ಹೀರುತ್ತದೆ, ಕಚ್ಚಿದ ಜಾಗ ಗಂಟೆಗಟ್ಟಲೆ ಒಸರುತ್ತದೆ, ಬೆರಳು ಬದುಕುತ್ತದೆ. 2004ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜಿಗಣೆಯನ್ನು ವೈದ್ಯಕೀಯ ಸಾಧನ ಅಂತಲೇ ಒಪ್ಪಿಕೊಂಡಿತು.

ಆದರೆ ಜಿಗಣೆ ಎಷ್ಟು ದಿನ ಬೇಕು? ಸುಮಾರು ಒಂದು ವಾರ. ಅಷ್ಟರಲ್ಲಿ ಹೊಲಿಗೆಯ ಆಚೆ ಈಚೆ ಹೊಸ ಸಣ್ಣ ರಕ್ತನಾಳಗಳು ಬೆಳೆದು, ಒಂದಕ್ಕೊಂದು ಕೂಡಿಕೊಂಡು, ರಕ್ತ ತಾನಾಗಿ ವಾಪಸ್ ಹೋಗಲು ದಾರಿ ಆಗಿರುತ್ತದೆ. ಡಾಕ್ಟರ್ ಆ ನಾಳಗಳನ್ನು ಹೊಲಿದಿಲ್ಲ. ಅವು ಎತ್ತ ಹೋಗಬೇಕು ಅಂತ ಹೇಳಿದ್ದು ಯಾರು? ಇವತ್ತಿನ ವಿಷಯ ಅದೇ. ಹೇಳುವವರಲ್ಲಿ ಮುಖ್ಯವಾದ ಪ್ರೋಟೀನಿನ ಹೆಸರು ವಿಇಜಿಎಫ್.

ಶಾಲೆಯಲ್ಲಿ ಓದಿದ್ದು ಸ್ವಲ್ಪ ನೆನಪಿಸುತ್ತೇನೆ. ನಮ್ಮ ದೇಹದ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳೂ ಯಾವುದಾದರೂ ಲೋಮನಾಳದಿಂದ, ಅಂದರೆ ಅತಿ ಸಣ್ಣ ರಕ್ತನಾಳದಿಂದ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಜಾಸ್ತಿ ಅಂದರೆ ಐದನೇ ಒಂದು ಭಾಗದಷ್ಟು ದೂರದಲ್ಲಿರಬೇಕು. ಅದಕ್ಕಿಂತ ದೂರಕ್ಕೆ ಆಮ್ಲಜನಕ ಮುಟ್ಟುವುದಿಲ್ಲ. ನಾಳದ ಒಳಗೋಡೆಗೆ ಒಂದೇ ಪದರದ ಜೀವಕೋಶಗಳಿವೆ, ಎಂಡೋಥೀಲಿಯಲ್ ಜೀವಕೋಶ ಅಂತಾರೆ. ದೊಡ್ಡವರ ದೇಹದಲ್ಲಿ ಇವು ಸಾಮಾನ್ಯವಾಗಿ ಸುಮ್ನೆ ಇರುತ್ತವೆ. ವರ್ಷಗಟ್ಟಲೆ ಒಡೆದು ಎರಡಾಗುವುದೂ ಇಲ್ಲ, ಜಾಗ ಬಿಟ್ಟು ಕದಲುವುದೂ ಇಲ್ಲ. ಗಾಯ, ಮುಟ್ಟಿನ ಚಕ್ರ, ಬಸಿರು, ವ್ಯಾಯಾಮ, ಇಂಥ ಕೆಲವು ಸಂದರ್ಭ ಬಿಟ್ಟರೆ.

ಅವನ್ನು ಎಬ್ಬಿಸುವುದು ಆಮ್ಲಜನಕದ ಕೊರತೆ. ಪ್ರತಿ ಜೀವಕೋಶವೂ ಎಚ್‌ಐಎಫ್ ಅನ್ನುವ ಪ್ರೋಟೀನನ್ನು ಸದಾ ತಯಾರಿಸುತ್ತಿರುತ್ತದೆ, ಆಮ್ಲಜನಕ ಇದ್ದರೆ ಕೆಲವೇ ನಿಮಿಷದಲ್ಲಿ ಒಡೆದು ಬಿಸಾಕುತ್ತದೆ. ಮಾಡುವುದು, ಒಡೆಯುವುದು, ಮಾಡುವುದು, ಒಡೆಯುವುದು. ದಂಡ ಅನ್ನಿಸುತ್ತದೆ ಅಲ್ವಾ? ಆದರೆ ಆಮ್ಲಜನಕ ಕಮ್ಮಿಯಾದ ಕ್ಷಣ ಒಡೆಯುವ ಕೆಲಸ ನಿಲ್ಲುತ್ತದೆ, ಎಚ್‌ಐಎಫ್ ಉಳಿಯುತ್ತದೆ, ಕೋಶದ ನಡುವಿಗೆ ಹೋಗಿ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಹೊಸದಾಗಿ ತಯಾರಿಸುತ್ತಾ ಕೂರುವ ತಡ ಇಲ್ಲ. ಇದನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಮೂವರಿಗೆ 2019ರ ನೊಬೆಲ್ ಬಂತು. ಸೈನ್ಯದಲ್ಲಿದ್ದು ಬಂದವರು ಇಲ್ಲಿ ಜಾಸ್ತಿ, ಲೇಹ್‌ಗೆ ಹೋದರೆ ಮೊದಲ ಕೆಲವು ದಿನ ಯಾಕೆ ಸುಮ್ನೆ ಕೂರಿಸುತ್ತಾರೆ ಅಂತ ನಿಮಗೆ ಗೊತ್ತು. 3,500 ಮೀಟರ್ ಎತ್ತರದಲ್ಲಿ ಕೆಂಪು ರಕ್ತಕಣ ಜಾಸ್ತಿ ಮಾಡಿ ಅಂತ ಹೇಳುವ ಹಾರ್ಮೋನನ್ನು ಏರಿಸುವುದೂ ಇದೇ ವ್ಯವಸ್ಥೆ. ವಿಇಜಿಎಫ್ ಜೀನ್ ಚಾಲೂ ಆಗುವುದೂ ಇದರಿಂದಲೇ.

ಈ ಪ್ರೋಟೀನನ್ನು ಎರಡು ಸಲ ಕಂಡುಹಿಡಿದರು. 1983ರಲ್ಲಿ ಬಾಸ್ಟನ್‌ನಲ್ಲಿ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್ ಅವರ ಗುಂಪು ಗಿನಿಪಿಗ್‌ಗಳ ಕ್ಯಾನ್ಸರ್ ಗಡ್ಡೆಯಿಂದ ಬಂದ ದ್ರವದಲ್ಲಿ, ರಕ್ತನಾಳ ಸೋರುವಂತೆ ಮಾಡುವ ಪ್ರೋಟೀನ್ ಕಂಡಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್ ಕಂಪನಿಯಲ್ಲಿದ್ದ ನೆಪೋಲಿಯೋನ್ ಫೆರಾರಾ, ಹಸುವಿನ ಪಿಟ್ಯುಟರಿ ಗ್ರಂಥಿಯ ಜೀವಕೋಶಗಳಿಂದ ರಕ್ತನಾಳ ಬೆಳೆಸುವ ಪ್ರೋಟೀನ್ ಬೇರ್ಪಡಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ! ಬೆಳೆಸುವುದೂ ಅದೇ, ಸೋರಿಸುವುದೂ ಅದೇ. ಈ ಸೋರಿಕೆಯನ್ನು ನೆನಪಿಟ್ಟುಕೊಳ್ಳಿ, ಕಣ್ಣಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನು ಜೀವಕೋಶ ನಡೆಯುವುದು ಅಂದರೆ ಏನು? ನಾನು ಬೆಂಗಳೂರಿನ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ, ಇವತ್ತಿಗೂ ಬೇಸರ ಬರುವುದಿಲ್ಲ. ಹೆರಿಗೆ ಆದ ಮೇಲೆ ಬಿಸಾಡುವ ಹೊಕ್ಕುಳಬಳ್ಳಿಯ ಒಳಗಿನ ನಾಳದಿಂದ ಎಂಡೋಥೀಲಿಯಲ್ ಕೋಶಗಳನ್ನು ಬಿಡಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುತ್ತಾರೆ. ತಟ್ಟೆಯ ತಳ ತುಂಬ ಒಂದೇ ಪದರ, ಎಲ್ಲೂ ಸಂದಿಲ್ಲ. ಪಿಪೆಟ್‌ನ ಹಳದಿ ತುದಿಯಿಂದ ಮಧ್ಯದಲ್ಲಿ ಒಂದು ಗೀರು ಎಳೆಯಬೇಕು, ಅಷ್ಟೆ ಪ್ರಯೋಗ. ಗೀರಿನ ಜಾಗದ ಕೋಶಗಳು ಕಿತ್ತು ಬರುತ್ತವೆ, ತೊಳೆದುಬಿಡುತ್ತೇವೆ, ಖಾಲಿ ಓಣಿ ಉಳಿಯುತ್ತದೆ. ಸಂಜೆ ಗೀರು ಎಳೆದು ಮನೆಗೆ ಹೋದರೆ ಬೆಳಗ್ಗೆ ಹೊತ್ತಿಗೆ ಓಣಿ ಬಹುಮಟ್ಟಿಗೆ ಮುಚ್ಚಿರುತ್ತದೆ. ವಿಇಜಿಎಫ್ ಹಾಕಿದ ತಟ್ಟೆಯಲ್ಲಿ ಇನ್ನೂ ಬೇಗ.

ಮೈಕ್ರೋಸ್ಕೋಪ್ ಕೆಳಗೆ ಗೀರಿನ ಅಂಚನ್ನು ನೋಡಬೇಕು. ಅಂಚಿನ ಕೋಶ ಖಾಲಿ ಜಾಗದ ಕಡೆಗೆ ತೆಳ್ಳಗೆ ಒಂದು ಹಾಳೆ ಚಾಚುತ್ತದೆ. ಒಳಗಿನ ಆಕ್ಟಿನ್ ಎಳೆಗಳು ಮುಂದಕ್ಕೆ ಬೆಳೆದು ಪೊರೆಯನ್ನು ತಳ್ಳುತ್ತವೆ. ಚಾಚಿದ ಭಾಗ ಇಂಟೆಗ್ರಿನ್ ಅನ್ನುವ ಪ್ರೋಟೀನುಗಳಿಂದ ನೆಲವನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಹಿಂದಿನ ಭಾಗ ಹಿಡಿತ ಬಿಟ್ಟು ಮುಂದಕ್ಕೆ ಎಳೆದುಕೊಳ್ಳುತ್ತದೆ. ಕೆಲವೊಮ್ಮೆ ಹಿಂಭಾಗ ಬಿಡುವುದೇ ಇಲ್ಲ, ಕೋಶ ಉದ್ದಕ್ಕೆ ಜಗ್ಗಿಕೊಂಡು ನಿಂತಿರುತ್ತದೆ, ಆಮೇಲೆ ಪಟ್ ಅಂತ ಬಿಡುತ್ತದೆ. ಓಣಿ ಮುಚ್ಚಿದ್ದು ಕೋಶಗಳು ನಡೆದದ್ದರಿಂದಲೋ ಅಥವಾ ಒಡೆದು ಸಂಖ್ಯೆ ಜಾಸ್ತಿಯಾದದ್ದರಿಂದಲೋ ಅನ್ನುವ ಅನುಮಾನ ಬರಬಹುದು. ಒಳ್ಳೆಯ ಅನುಮಾನ. ಅದಕ್ಕೇ ಕೋಶ ಒಡೆಯದಂತೆ ತಡೆಯುವ ಮದ್ದು ಹಾಕಿಯೂ ಪ್ರಯೋಗ ಮಾಡುತ್ತಾರೆ. ಆಗಲೂ ಓಣಿ ಕಿರಿದಾಗುತ್ತದೆ.

ದೇಹದೊಳಗೆ ಸಂಗತಿ ಇಷ್ಟು ಸರಳ ಅಲ್ಲ. ಅಲ್ಲಿ ಎಲ್ಲರೂ ಒಟ್ಟಿಗೆ ಹೊರಟರೆ ನಾಳ ಆಗುವುದಿಲ್ಲ, ಗೋಡೆಯೇ ಕಿತ್ತು ಹೋಗುತ್ತದೆ. ಇಲ್ಲಿ ಮೆಣಸಿನ ಬಳ್ಳಿ ನೆನಪಿಸಿಕೊಳ್ಳಿ. ಸಿಲ್ವರ್ ಮರಕ್ಕೆ ಹಬ್ಬುವಾಗ ತುದಿ ಮಾತ್ರ ದಾರಿ ಹುಡುಕುತ್ತದೆ, ಹಿಂದಿನ ಗೆಣ್ಣುಗಳು ಬೇರು ಬಿಟ್ಟು ತೊಗಟೆ ಹಿಡಿದುಕೊಂಡು ಬಳ್ಳಿಯನ್ನು ಉದ್ದ ಮಾಡುತ್ತವೆ. ಹೊಸ ರಕ್ತನಾಳದಲ್ಲೂ ಹಾಗೇ. ತುದಿಯಲ್ಲಿ ಒಂದು ಕೋಶ, ಮೈ ತುಂಬ ಸಣ್ಣ ಸಣ್ಣ ಬೆರಳು ಚಾಚಿಕೊಂಡು ವಿಇಜಿಎಫ್ ಎತ್ತ ಜಾಸ್ತಿ ಅಂತ ತಡಕಾಡುತ್ತದೆ. ಹಿಂದಿನ ಕೋಶಗಳು ಒಡೆದು ಹೆಚ್ಚಾಗಿ ಕಾಂಡ ಕಟ್ಟುತ್ತವೆ, ಅದರೊಳಗೆ ಕೊಳವೆ ಆಗುತ್ತದೆ. ಬಳ್ಳಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇಲ್ಲಿ ತುದಿಯ ಸ್ಥಾನ ಖಾಯಂ ಅಲ್ಲ. ವಿಇಜಿಎಫ್ ತಾಗಿದ ಕೋಶ ತನ್ನ ಮೈಮೇಲೆ ಡಿಎಲ್ಎಲ್4 ಅನ್ನುವ ಪ್ರೋಟೀನ್ ಜಾಸ್ತಿ ಮಾಡಿಕೊಂಡು ಅಕ್ಕಪಕ್ಕದ ಕೋಶಗಳನ್ನು ತಡೆಯುತ್ತದೆ: ನೀವು ಹೊರಡಬೇಡಿ, ನಾನು ಹೋಗುತ್ತೇನೆ. ಪಕ್ಕದ್ದು ಸ್ವಲ್ಪ ಬಲವಾದರೆ ಮುಂದೆ ನುಗ್ಗಿ ಇದನ್ನು ಹಿಂದೆ ಹಾಕುತ್ತದೆ. ಜಗಳ ನಡೆಯುತ್ತಲೇ ಇರುತ್ತದೆ, ನಾಳ ಬೆಳೆಯುತ್ತಲೇ ಇರುತ್ತದೆ.

ಇದನ್ನೆಲ್ಲ ಬದುಕಿರುವ ಪ್ರಾಣಿಯಲ್ಲಿ ನೋಡಲು ಜೀಬ್ರಾಫಿಶ್ ಒಳ್ಳೆಯದು. ನಮ್ಮ ಕಡೆಯದೇ ಮೀನು, ಗಂಗೆಯ ಬಯಲಿನ ಮೀನುಗಳ ಬಗ್ಗೆ 1822ರಲ್ಲಿ ಬರೆದ ಹ್ಯಾಮಿಲ್ಟನ್ ಇದನ್ನು ಮೊದಲು ವಿವರಿಸಿದ್ದು. ಅದರ ಮರಿ ಗಾಜಿನಷ್ಟು ಪಾರದರ್ಶಕ. ರಕ್ತನಾಳ ಹಸಿರಾಗಿ ಹೊಳೆಯುವ ತಳಿ ಇದೆ. ಮೊಟ್ಟೆ ಫಲಿತವಾಗಿ ಒಂದು ದಿನ ಆಗುವಷ್ಟರಲ್ಲಿ ಬೆನ್ನಿನ ಉದ್ದಕ್ಕೂ ನಾಳಗಳು ಮೇಲೆ ಮೇಲೆ ಏರುವುದನ್ನು ಕೂತು ನೋಡಬಹುದು.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಹೊಸ ನಾಳ ಬೇಕು ಅಂದರೆ ವಿಇಜಿಎಫ್ ಸುರಿದರೆ ಸಾಕು ಅಂತ ಅನ್ನಿಸುವುದು ಸಹಜ. ಸಾಲುವುದಿಲ್ಲ. ಎಷ್ಟಿದೆ ಅನ್ನುವುದರ ಜೊತೆಗೆ ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅನ್ನುವುದೂ ಬೇಕು. ನಮ್ಮ ಆರನೇ ಕ್ರೋಮೋಸೋಮಿನಲ್ಲಿರುವ ಒಂದೇ ಜೀನ್‌ನಿಂದ ದೇಹ ಬೇರೆ ಬೇರೆ ಉದ್ದದ ವಿಇಜಿಎಫ್ ಮಾಡುತ್ತದೆ. 121 ಅಮೈನೋ ಆಮ್ಲದ ಗಿಡ್ಡದ್ದು ಹುಟ್ಟಿದ ಜಾಗ ಬಿಟ್ಟು ದೂರ ಹರಡುತ್ತದೆ. 189ರದ್ದು ಹುಟ್ಟಿದ ಕೋಶದ ಹತ್ತಿರವೇ ಅಂಟಿಕೊಳ್ಳುತ್ತದೆ. 165ರದ್ದು ನಡುವೆ. ಮೂರೂ ಸೇರಿದಾಗ ಕೊರತೆ ಇರುವ ಜಾಗದಲ್ಲಿ ಗಟ್ಟಿಯಾಗಿ, ದೂರ ಹೋದಂತೆ ತೆಳುವಾಗಿ ಒಂದು ಇಳಿಜಾರು ಸಿದ್ಧವಾಗುತ್ತದೆ. ಹರಡುವ ಗಿಡ್ಡದ್ದನ್ನು ಮಾತ್ರ ಮಾಡಬಲ್ಲ ಇಲಿಗಳನ್ನು ವಿಜ್ಞಾನಿಗಳು ತಯಾರಿಸಿ ನೋಡಿದರು. ಅವುಗಳಲ್ಲಿ ವಿಇಜಿಎಫ್ ಇಲ್ಲ ಅಂತಲ್ಲ, ಇದೆ. ಆದರೆ ನಾಳಗಳು ಕವಲೊಡೆಯುವುದು ಕಮ್ಮಿ, ಇರುವ ನಾಳಗಳು ಸುಮ್ನೆ ಅಗಲವಾಗಿ ಉಬ್ಬಿದ್ದವು. 2003ರಲ್ಲಿ ಹೋಲ್ಗರ್ ಗೆರ್ಹಾರ್ಟ್, ಕ್ರಿಸ್ಟರ್ ಬೆಟ್‌ಶೋಲ್ಟ್ಸ್ ಮತ್ತು ಸಂಗಡಿಗರು ಇಲಿಯ ಕಣ್ಣಿನಲ್ಲಿ ತೋರಿಸಿದ್ದೂ ಇದನ್ನೇ: ತುದಿಯ ಕೋಶ ನಡೆಯುವುದು ಇಳಿಜಾರು ನೋಡಿ, ಕಾಂಡದ ಕೋಶ ಹೆಚ್ಚುವುದು ಪ್ರಮಾಣ ನೋಡಿ. ಒಂದೇ ಪ್ರೋಟೀನ್, ಎರಡು ಕೆಲಸ.

ಪ್ರಮಾಣ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಜೀನ್‌ಗಳಲ್ಲಿ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು ಇರುವಾಗ ಒಂದು ಕೆಟ್ಟರೂ ಇನ್ನೊಂದರಲ್ಲಿ ಕೆಲಸ ನಡೆದುಹೋಗುತ್ತದೆ. ವಿಇಜಿಎಫ್‌ನಲ್ಲಿ ನಡೆಯುವುದಿಲ್ಲ. ಎರಡರಲ್ಲಿ ಒಂದು ಪ್ರತಿ ಇಲ್ಲದ ಇಲಿ ಭ್ರೂಣ 11-12ನೇ ದಿನಕ್ಕೆ ಸಾಯುತ್ತದೆ ಅಂತ 1996ರಲ್ಲಿ ಎರಡು ಗುಂಪುಗಳು ಒಟ್ಟಿಗೇ ತೋರಿಸಿದವು.

ಸುರಿದು ನೋಡಿದವರೂ ಇದ್ದಾರೆ. ಹೃದಯದ ರಕ್ತನಾಳ ಕಟ್ಟಿಕೊಂಡ ರೋಗಿಗಳಿಗೆ ವಿಇಜಿಎಫ್ ಕೊಟ್ಟು ಹೊಸ ನಾಳ ಬೆಳೆಸುವ ಪ್ರಯತ್ನ. 178 ರೋಗಿಗಳ ಆ ಪರೀಕ್ಷೆಯ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. 60 ದಿನ ಆದ ಮೇಲೆ ನಡಿಗೆಯಲ್ಲಿ, ಎದೆನೋವಿನಲ್ಲಿ ಸುಧಾರಣೆ ಕಂಡಿತು. ತಮಾಷೆ ಏನೆಂದರೆ ಹೋಲಿಕೆಗೆಂದು ವಿಇಜಿಎಫ್ ಇಲ್ಲದ ಖಾಲಿ ಮದ್ದು ಪಡೆದವರಲ್ಲೂ ಅಷ್ಟೇ ಸುಧಾರಣೆ ಇತ್ತು! ರಕ್ತದಲ್ಲಿ ಸುರಿದ ಪ್ರೋಟೀನಿನಿಂದ ಬೇಕಾದ ಜಾಗದಲ್ಲಿ, ಬೇಕಾದಷ್ಟು ದಿನ ಇಳಿಜಾರು ನಿಲ್ಲಿಸುವುದು ಕಷ್ಟ. ಅತಿ ಮಾಡಿದರೆ ಬೇರೆ ತೊಂದರೆ. ಪ್ರಾಣಿಗಳ ಸ್ನಾಯುವಿನಲ್ಲಿ ಒಂದೇ ಕಡೆ ವಿಪರೀತ ವಿಇಜಿಎಫ್ ಆದಾಗ ನಾಳದ ಬದಲು ರಕ್ತ ತುಂಬಿದ ಗಂಟುಗಳು ಬೆಳೆದಿವೆ.

ಕ್ಯಾನ್ಸರ್ ಗಡ್ಡೆಗೂ ರಕ್ತ ಬೇಕು. ಜೂಡಾ ಫೋಕ್‌ಮನ್ ಅನ್ನುವ ಸರ್ಜನ್ 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಲ್ಯಾಬ್‌ನಲ್ಲಿದ್ದಾಗ ದೇಹದಿಂದ ಹೊರತೆಗೆದ ಗ್ರಂಥಿಯೊಳಗೆ ಗಡ್ಡೆಯ ಕೋಶ ಬೆಳೆಸಿ ನೋಡಿದ್ದರು. ಒಂದೆರಡು ಮಿಲಿಮೀಟರ್ ಆಗಿ ನಿಂತುಹೋಗುತ್ತಿತ್ತು, ಯಾಕೆಂದರೆ ಹೊಸ ನಾಳ ಬರುತ್ತಿರಲಿಲ್ಲ. 1971ರಲ್ಲಿ ಅವರು ನಾಳ ತಡೆದರೆ ಗಡ್ಡೆ ತಡೆಯಬಹುದು ಅಂತ ಬರೆದಾಗ ನಂಬಿದವರು ಕಮ್ಮಿ. 2004ರ ಫೆಬ್ರವರಿಯಲ್ಲಿ, ಅಂದರೆ ಜಿಗಣೆಗೆ ಒಪ್ಪಿಗೆ ಸಿಕ್ಕ ಅದೇ ವರ್ಷ, ವಿಇಜಿಎಫ್ ಅನ್ನು ಹಿಡಿದುಹಾಕುವ ಬೆವಾಸಿಜುಮ್ಯಾಬ್ ಮದ್ದಿಗೆ ದೊಡ್ಡ ಕರುಳಿನ ಹರಡಿದ ಕ್ಯಾನ್ಸರ್‌ಗಾಗಿ ಅನುಮತಿ ಬಂತು. ಕೀಮೋ ಜೊತೆ ಇದನ್ನೂ ಕೊಟ್ಟಾಗ ರೋಗಿಗಳು ಬದುಕಿದ ಮಧ್ಯಮ ಅವಧಿ 15.6 ತಿಂಗಳಿಂದ 20.3 ತಿಂಗಳಿಗೆ ಏರಿತು. ಲಾಭ ಹೌದು. ಫೋಕ್‌ಮನ್ ಕನಸು ಕಂಡಷ್ಟು ಅಲ್ಲ. ಸ್ತನ ಕ್ಯಾನ್ಸರ್‌ಗೆ ಕೊಟ್ಟಿದ್ದ ಅನುಮತಿಯನ್ನು ಎಫ್‌ಡಿಎ 2011ರಲ್ಲಿ ವಾಪಸ್ ಪಡೆಯಿತು.

ಗಡ್ಡೆಯ ನಾಳಗಳೇ ಅಡ್ಡಾದಿಡ್ಡಿ. ಎಲ್ಲ ಕಡೆಯೂ ವಿಇಜಿಎಫ್ ತುಂಬಿರುವುದರಿಂದ ದಿಕ್ಕೇ ಇಲ್ಲ. ಸೊಟ್ಟ, ಸೋರುವ, ಎಲ್ಲಿಗೂ ಮುಟ್ಟದ ನಾಳಗಳು. ಐಐಟಿ ಕಾನ್ಪುರದಲ್ಲಿ ಓದಿ ಆಮೇಲೆ ಬಾಸ್ಟನ್‌ನಲ್ಲಿ ನೆಲೆಸಿದ ರಾಕೇಶ್ ಜೈನ್ 2001ರಲ್ಲಿ ತಿರುಗಿಸಿ ಯೋಚಿಸಿದರು: ವಿಇಜಿಎಫ್ ಸ್ವಲ್ಪ ತಗ್ಗಿಸಿದರೆ ಉಳಿದ ನಾಳಗಳು ಸರಿಯಾಗುತ್ತವೆ, ಕೀಮೋ ಮದ್ದು ಗಡ್ಡೆಯೊಳಗೆ ಚೆನ್ನಾಗಿ ಮುಟ್ಟುತ್ತದೆ. ಅದಕ್ಕಿಂತ ವಿಚಿತ್ರ 2006ರದ್ದು. ಆಗಲೇ ಹೇಳಿದ ಡಿಎಲ್ಎಲ್4 ತಡೆದಾಗ ಇಲಿಗಳ ಗಡ್ಡೆಯಲ್ಲಿ ನಾಳಗಳು ಜಾಸ್ತಿಯಾದವು, ಗಡ್ಡೆ ಮಾತ್ರ ಬೆಳೆಯಲಿಲ್ಲ. ತಡೆಯುವವರಿಲ್ಲದೆ ಎಲ್ಲ ಕೋಶವೂ ತುದಿಯಾಗಲು ಹೊರಟು, ರಕ್ತ ಹರಿಯದ ನಾಳಗಳ ಗೋಜಲು ಆಗಿತ್ತು ಅಷ್ಟೆ.

ವಿಇಜಿಎಫ್ ತಡೆಯುವ ಮದ್ದು ಮೈಗೆ ಹೋದಾಗ ಬಿಪಿ ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಬರಬಹುದು. ಇಲ್ಲಿರುವ ಆಶಾ ಕಾರ್ಯಕರ್ತೆಯರಿಗೆ ಇವೆರಡನ್ನು ಒಟ್ಟಿಗೆ ಕೇಳಿದ ಕೂಡಲೇ ಬಸುರಿಯರ ನೆನಪಾಗಿರಬೇಕು. ಹೌದು, ಬಸಿರಿನ ನಂಜು, ಪ್ರಿಎಕ್ಲಾಂಪ್ಸಿಯಾ. ಅದರಲ್ಲಿ ಮಾಸು, ವಿಇಜಿಎಫ್ ಅನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ ಅಂತ 2003ರಲ್ಲಿ ಅನಂತ್ ಕರುಮಂಚಿ ಅವರ ಗುಂಪು ತೋರಿಸಿತು. ದೇಹ ತಾನೇ ಆ ಮದ್ದು ಹಾಕಿಕೊಂಡ ಹಾಗಾಯಿತು. ಕಿಡ್ನಿಯ ಸೋಸುವ ನಾಳಗಳು ಆರೋಗ್ಯವಾಗಿರಲು ದಿನವೂ ಸ್ವಲ್ಪ ವಿಇಜಿಎಫ್ ಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಈಗ ಕಣ್ಣು. ಸಕ್ಕರೆ ಕಾಯಿಲೆ ಇಲ್ಲದ ಮನೆ ನಮ್ಮಲ್ಲಿ ಕಮ್ಮಿ, ಅದಕ್ಕೆ ಇದನ್ನು ಕೊನೆಗೆ ಇಟ್ಟುಕೊಂಡೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪರದೆಯ, ಲೋಮನಾಳಗಳು ಹಾಳಾಗಿ ಒಂದೊಂದೇ ಮುಚ್ಚಿಕೊಳ್ಳುತ್ತವೆ. ಆಮ್ಲಜನಕ ಸಾಲದ ರೆಟಿನಾ ವಿಇಜಿಎಫ್ ಬಿಡುತ್ತದೆ. ಇಂಥದ್ದೇನೋ ಒಂದು ಪದಾರ್ಥ ಇರಬೇಕು ಅಂತ ಐಸಾಕ್ ಮೈಕಲ್ಸನ್ 1948ರಲ್ಲೇ ಊಹಿಸಿದ್ದರು, ರೋಗಿಗಳ ಕಣ್ಣಿನ ದ್ರವದಲ್ಲಿ ವಿಇಜಿಎಫ್ ಏರಿರುವುದು 1994ರಲ್ಲಿ ಸಿಕ್ಕಿತು. ಹೊಸ ನಾಳಗಳು ಬರುತ್ತವೆ, ಆದರೆ ಬೇಕಾದ ಜಾಗಕ್ಕಲ್ಲ. ರೆಟಿನಾದ ಮೇಲ್ಮೈ ಬಿಟ್ಟು ಕಣ್ಣಿನ ನಡುವಿನ ಲೋಳೆಯ ಕಡೆಗೆ ಏಳುತ್ತವೆ, ಒಡೆದು ರಕ್ತ ಸುರಿಸುತ್ತವೆ. ಹಳೆಯ ನಾಳಗಳೂ ಸೋರಿ, ಅಕ್ಷರ ಓದಲು ಬೇಕಾದ ನಡುಭಾಗ ನೀರು ತುಂಬಿ ಊದುತ್ತದೆ. ನೋವಿಲ್ಲ. ಕೆಂಪಾಗುವುದಿಲ್ಲ. ಬಹಳ ದಿನ ನೋಟವೂ ಚೆನ್ನಾಗಿಯೇ ಇರುತ್ತದೆ.

ಚಿಕಿತ್ಸೆ ಅಂದರೆ ಲೇಸರ್, ಇಲ್ಲವೇ ಕಣ್ಣಿನೊಳಗೆ ಇಂಜೆಕ್ಷನ್. ಹೆಸರು ಕೇಳಿದರೇ ಭಯ, ಗೊತ್ತು. ಮರಗಟ್ಟಿಸುವ ಹನಿ ಹಾಕಿ, ಬಿಳಿ ಗುಡ್ಡೆಯ ಮೂಲಕ 0.05 ಮಿಲಿಲೀಟರ್, ಅಂದರೆ ಒಂದು ಹನಿಯಷ್ಟು, ಕ್ಷಣದಲ್ಲಿ ಮುಗಿಯುತ್ತದೆ. ಕಣ್ಣಿಗೆಂದೇ ಮಾಡಿದ ರಾನಿಬಿಜುಮ್ಯಾಬ್ ದುಬಾರಿ. ಕ್ಯಾನ್ಸರ್‌ನ ಬೆವಾಸಿಜುಮ್ಯಾಬ್ ಬಾಟಲಿಯನ್ನು ಸಣ್ಣ ಡೋಸ್‌ಗಳಾಗಿ ಹಂಚಿದರೆ ಅಗ್ಗ. ವಯಸ್ಸಾದವರ ಕಣ್ಣಿನ ನಡುಭಾಗ ಸವೆಯುವ ಕಾಯಿಲೆಯಲ್ಲಿ ಎರಡರ ಫಲವೂ ಒಂದೇ ಅಂತ 2011ರ ದೊಡ್ಡ ಹೋಲಿಕೆ ಪರೀಕ್ಷೆ ಹೇಳಿತು. ಹಂಚುವಾಗ ಸೋಂಕು ಆಗದಂತೆ ನೋಡಿಕೊಳ್ಳಬೇಕು, ಅದೇ ಎಚ್ಚರಿಕೆ. ನಿಜವಾದ ಕಷ್ಟ ಬೇರೆ. ಶುರುವಿನಲ್ಲಿ ತಿಂಗಳಿಗೊಮ್ಮೆ ಹೋಗಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಜೊತೆಗೆ ಒಬ್ಬರು ಬೇಕು, ಕಾಫಿ ಕೊಯ್ಲಿನ ಹೊತ್ತಲ್ಲಿ ಆ ಒಬ್ಬರು ಸಿಗುವುದಿಲ್ಲ. ಎರಡು ಇಂಜೆಕ್ಷನ್ ಆಗಿ ಸ್ವಲ್ಪ ಕಾಣಿಸಿತು ಅಂತ ಬಿಟ್ಟವರು ಎಷ್ಟೋ ಜನ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಕುತ್ತೇನೆ.

"ಅಮ್ಮನಿಗೆ ಪೇಪರ್ ಚೆನ್ನಾಗಿ ಓದಲು ಬರುತ್ತದೆ, ಆದರೂ ಕಣ್ಣು ತೋರಿಸಬೇಕಾ?" ಅಂತ ಒಬ್ಬರು ಅಕ್ಕ ಕೇಳಿದರು. ತೋರಿಸಬೇಕು ಅಕ್ಕ. ಸಕ್ಕರೆ ಇದೆ ಅಂತ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುವ ಪರೀಕ್ಷೆ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿಕೊಳ್ಳುವುದು ಲೆಕ್ಕಕ್ಕಿಲ್ಲ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಅವತ್ತು ಸ್ಕೂಟರ್ ಬೇಡ.

ರಕ್ತನಾಳ ಬೆಳೆಸುವ ಪುಡಿ ಅಂತ ಮೊಬೈಲಿನಲ್ಲಿ ಜಾಹೀರಾತು ನೋಡಿದ ಹುಡುಗನೊಬ್ಬ ಅದರ ಬಗ್ಗೆ ಕೇಳಿದ. ವಿಇಜಿಎಫ್ ಪ್ರೋಟೀನ್ ತಾನೇ, ತಿಂದರೆ ಹೊಟ್ಟೆಯಲ್ಲಿ ಕೋಳಿ ಸಾರಿನ ಪ್ರೋಟೀನ್ ಜೊತೆಗೇ ಜೀರ್ಣವಾಗುತ್ತದೆ. ಸ್ನಾಯುವಿನಲ್ಲಿ ಲೋಮನಾಳ ಜಾಸ್ತಿ ಮಾಡುವುದು ದಿನಾ ಏದುಸಿರು ಬರುವಂತೆ ನಡೆಯುವುದು. ದುಡಿದ ಸ್ನಾಯು ತನಗೆ ಬೇಕಾದ ಕಡೆ, ಬೇಕಾದಷ್ಟು ತಾನೇ ಮಾಡಿಕೊಳ್ಳುತ್ತದೆ. ಕೊಡಗಿನಲ್ಲಿ ಏರು ದಾರಿಗೆ ಬರ ಇಲ್ಲ.

ಕೊನೆಗೆ ಒಬ್ಬರು ಹಿರಿಯರು ಕೇಳಿದ್ದು ಬಹಳ ಚೆನ್ನಾಗಿತ್ತು. "ಕಣ್ಣಲ್ಲಿ ಅದು ಅತಿಯಾಗಿ ತೊಂದರೆ ಅನ್ನುತ್ತೀರಿ. ಅದೇ ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಮಾಯುವುದಿಲ್ಲವಲ್ಲ, ಅಲ್ಲಿ ಅದು ಎಲ್ಲಿ ಹೋಯಿತು?" ಒಬ್ಬರದೇ ಮೈ, ಒಂದೇ ಕಾಯಿಲೆ, ಕಣ್ಣಲ್ಲಿ ವಿಇಜಿಎಫ್ ಜಾಸ್ತಿ, ಕಾಲಿನ ಗಾಯದಲ್ಲಿ ಕಮ್ಮಿ. ಸಕ್ಕರೆ ಏರಿದ ಚರ್ಮದಲ್ಲಿ ಆಮ್ಲಜನಕದ ಕೊರತೆಗೆ ಎಚ್‌ಐಎಫ್ ಸರಿಯಾಗಿ ಓಗೊಡುವುದಿಲ್ಲ, ಹಾಗಾಗಿ ಹೊಸ ನಾಳ ಬರುವುದು ನಿಧಾನ. ಗಾಯಕ್ಕೆ ಹಚ್ಚುವ ಬೆಳವಣಿಗೆಯ ಪ್ರೋಟೀನ್ ಒಂದಕ್ಕೆ 1997ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ, ಅದು ವಿಇಜಿಎಫ್ ಅಲ್ಲ, ಅದರ ಸೋದರ ಸಂಬಂಧಿ ಪಿಡಿಜಿಎಫ್. ಸತ್ತ ಚರ್ಮ ತೆಗೆದು, ಗಾಯದ ಮೇಲೆ ಭಾರ ಬೀಳದಂತೆ ನೋಡಿಕೊಂಡು, ಸಕ್ಕರೆ ಹಿಡಿತದಲ್ಲಿದ್ದರೆ ಮಾತ್ರ ಅದರಿಂದ ಉಪಯೋಗ. ಅವರು ತಮ್ಮ ಕಾಲು ತೋರಿಸಿದರು, ಹೆಬ್ಬೆರಳ ಕೆಳಗೆ ಸಣ್ಣ ಗುಳ್ಳೆ, ಗಮ್‌ಬೂಟ್ ಒಳಗೆ ಕಲ್ಲು ಸೇರಿಕೊಂಡದ್ದು ಗೊತ್ತೇ ಆಗಿರಲಿಲ್ಲವಂತೆ. ಬೂಟು ಹಾಕುವ ಮುಂಚೆ ದಿನಾ ಒಳಗೆ ಕೈ ಹಾಕಿ ತಡವಿ, ರಾತ್ರಿ ಯಾರ ಕೈಲಾದರೂ ಅಂಗಾಲು ನೋಡಿಸಿಕೊಳ್ಳಿ, ಈ ಗುಳ್ಳೆಯನ್ನು ಮಾತ್ರ ನಾಳೆಯೇ ಡಾಕ್ಟರಿಗೆ ತೋರಿಸಿ ಅಂದೆ. ನಾಳೆ ಸಂತೆ ಇದೆ, ನಾಡಿದ್ದು ಹೋಗುತ್ತೇನೆ ಅಂದರು. ಪಕ್ಕದಲ್ಲಿದ್ದ ಅವರ ಮಗಳು, ಸಂತೆಗೆ ನಾನು ಹೋಗುತ್ತೇನೆ, ನೀವು ಆಸ್ಪತ್ರೆಗೆ ನಡೀರಿ ಅಂದಳು.